ಒಂದೇ ಸುತ್ತು

ಕಳೆದ ತಿಂಗಳು ನಮ್ಮ ಅಡುಗೆಮನೆಗೆ ಒಂದು ಡಬ್ಬಿ ಬಂತು. ಹಸಿರು ಬಣ್ಣದ ಡಬ್ಬಿ, ಮೇಲೆ ಭತ್ತದ ತೆನೆಯ ಚಿತ್ರ, ಮುಚ್ಚಳದ ಸುತ್ತ ಸೆಣಬಿನ ದಾರದ ಗಂಟು. ಗೃಹಪ್ರವೇಶಕ್ಕೆ ಉಡುಗೊರೆ ಕೊಡುವಂಥ ಡಬ್ಬಿ. ತುಮಕೂರಿನಲ್ಲಿ ಈಗ ಬೀದಿಗೊಂದು ಆರ್ಗ್ಯಾನಿಕ್ ಅಂಗಡಿ ತೆರೆದಿದ್ದಾರಲ್ಲ, ಅಂಥ ಒಂದು ಅಂಗಡಿಯಿಂದ ನನ್ನ ಸೊಸೆ ಶ್ವೇತ ತಂದಿದ್ದಳು.

“ಮಾವ, ಇದನ್ನ ಎರಡು ಚಮಚ ಚಪಾತಿ ಹಿಟ್ಟಿಗೆ ಕಲಸಿದ್ರೆ ಹೊಟ್ಟೆಗೆ ತುಂಬ ಒಳ್ಳೇದಂತೆ. ಫೈಬರ್ ಇರುತ್ತೆ” ಅನ್ನುತ್ತ ಮುಚ್ಚಳ ತೆಗೆದು ನನ್ನ ಮೂಗಿನ ಹತ್ತಿರ ಹಿಡಿದಳು.

ಆ ವಾಸನೆ ಮೂಗಿಗೆ ಹೋದದ್ದೇ ತಡ, ನಾನು ಕುರ್ಚಿಯಿಂದ ಎದ್ದುಬಿಟ್ಟೆ. “ಇದು ತೌಡು!” ಎಂದು ಎಷ್ಟು ಜೋರಾಗಿ ಕೂಗಿದೆನೆಂದರೆ, ಹಾಲ್‌ನಲ್ಲಿ ಟಿವಿ ನೋಡುತ್ತಿದ್ದ ನನ್ನ ಹೆಂಡತಿ ಜಯಮ್ಮ ಒಳಗೆ ಹಾವು ಬಂತೇನೋ ಎಂದು ಓಡಿಬಂದಳು. ಡಬ್ಬಿ ಕೈಗೆ ತಗೊಂಡು ತಿರುಗಿಸಿ ಬೆಲೆ ಓದಿದಳು. “ತೌಡಿಗೆ ಇಷ್ಟಾ? ನಮ್ಮ ಹಸುಗೆ ಬಾನಿಗಟ್ಟಲೆ ಸುರೀತಿದ್ವಲ್ರೀ!”

ನನಗೆ ವಿಪರೀತ ಕೋಪ ಬಂತು. ಯಾರ ಮೇಲೆ ಎಂದು ಕೇಳಬೇಡಿ, ಆ ಹೊತ್ತಿನಲ್ಲಿ ನನಗೂ ಸರಿಯಾಗಿ ತಿಳಿದಿರಲಿಲ್ಲ. ಮೊದಲು ಅಂಗಡಿಯವನ ಮೇಲೆ ಬಂತು. ಅಕ್ಕಿಯಿಂದ ತೌಡನ್ನು ಕಿತ್ತು ಅಕ್ಕಿಯನ್ನು ಒಂದು ಕಡೆ ಮಾರುವುದು, ಕಿತ್ತ ತೌಡನ್ನು ಡಬ್ಬಿಗೆ ತುಂಬಿ, ದಾರ ಕಟ್ಟಿ, ಅದೇ ಜನಕ್ಕೆ ಇನ್ನೊಂದು ಕಡೆ ಮಾರುವುದು! ಒಬ್ಬನ ಅಂಗಿ ಬಿಚ್ಚಿಸಿಕೊಂಡು ಅದನ್ನೇ ಇಸ್ತ್ರಿ ಮಾಡಿ ಅವನಿಗೇ ಮಾರಿದ ಹಾಗೆ. ಶ್ವೇತಳಿಗೆ ಇದನ್ನೆಲ್ಲ ಕೈ ಬೀಸಿ ಬೀಸಿ ಹೇಳಿದೆ. ಪಾಪ, ಅವಳು ಡಬ್ಬಿ ಹಿಡಿದುಕೊಂಡು ನಿಂತೇ ಇದ್ದಳು. “ಹಾಗಾದ್ರೆ ಅಕ್ಕಿಯಿಂದ ಅದನ್ನ ಯಾಕೆ ತೆಗೀತಾರೆ ಮಾವ? ಯಾರು ತೆಗೆಯೋದು?” ಎಂದು ಕೇಳಿದಳು.

ನಾನು ಕೂತುಕೊಂಡೆ. ತೆಗೆಯುತ್ತಿದ್ದವನು ನಾನೇ.

ಕುಣಿಗಲ್ಲಿನ ಒಂದು ಅಕ್ಕಿ ಮಿಲ್ಲಿನಲ್ಲಿ ಮೂವತ್ತು ವರ್ಷ ನಾನು ಆಪರೇಟರ್ ಆಗಿದ್ದೆ. ಆ ಮಿಲ್ಲು ಈಗಿಲ್ಲ. ಆ ಜಾಗದಲ್ಲಿ ಕಲ್ಯಾಣಮಂಟಪ ಎದ್ದಿದೆ, ಅಲ್ಲೂ ಬೆಳ್ಳನೆಯ ಅನ್ನವನ್ನೇ ಬಡಿಸುತ್ತಾರೆ. ಮಿಲ್ಲಿನ ವಿಚಾರ ಹೇಳುವ ಮೊದಲು ನನಗೆ ಬಿಳಿ ಅನ್ನದ ಹುಚ್ಚು ಹೇಗೆ ಹಿಡಿಯಿತು ಅನ್ನುವುದನ್ನು ಹೇಳಬೇಕು. ಇಲ್ಲದಿದ್ದರೆ ನನ್ನನ್ನು ನೀವು ಬರೀ ಕಳ್ಳ ಅಂದುಕೊಳ್ಳುತ್ತೀರಿ. ಕಳ್ಳ ಹೌದು, ಜೊತೆಗೆ ದಡ್ಡ ಕೂಡ.

ನಾನು ಹುಟ್ಟಿದ್ದು ಗುಬ್ಬಿ ಕಡೆಯ ಹಳ್ಳಿಯಲ್ಲಿ. ಮಳೆ ನಂಬಿದ ಹೊಲ. ರಾಗಿ, ಹುರುಳಿ, ಅವರೆ. ಅನ್ನವೆನ್ನುವುದು ಹಬ್ಬಕ್ಕೆ, ನೆಂಟರಿಗೆ, ಜ್ವರ ಬಂದವರಿಗೆ. ಅನ್ನದ ಆಸೆಗೆ ನಾನು ಕಂಬಳಿ ಹೊದ್ದು ನರಳಿದ್ದುಂಟು. ಅವ್ವ ಹಣೆ ಮುಟ್ಟಿ ನೋಡಿ ಬೆನ್ನಿಗೆ ಎರಡು ಕೊಟ್ಟದ್ದೂ ಉಂಟು. ಊರಲ್ಲಿ ದಿನಾ ಅನ್ನ ಉಣ್ಣುತ್ತಿದ್ದದ್ದು ಒಂದೋ ಎರಡೋ ಮನೆ. ಆ ಮನೆಯ ಹುಡುಗರ ಡಬ್ಬಿಯಲ್ಲಿ ಅನ್ನ ಬೆಳ್ಳಗೆ ಹೊಳೆಯುತ್ತಿತ್ತು. ನಾನು ಮುದ್ದೆಯ ಚೂರನ್ನು ಅಂಗೈಯಲ್ಲಿ ಮುಚ್ಚಿಟ್ಟುಕೊಂಡು ತಿನ್ನುತ್ತಿದ್ದೆ. ಕಪ್ಪಗಿದ್ದದ್ದೆಲ್ಲ ಬಡತನ, ಬೆಳ್ಳಗಿದ್ದದ್ದೆಲ್ಲ ಮರ್ಯಾದೆ ಎಂದು ತಲೆಗೆ ಹತ್ತಿದ್ದು ಆಗ. ಹತ್ತಿದ್ದು ಇಳಿಯಲು ಅರುವತ್ತು ವರ್ಷ ಬೇಕಾಯಿತು.

ನನ್ನಕ್ಕ ಪುಟ್ಟಮ್ಮನನ್ನು ಯಡಿಯೂರಿನ ಹತ್ತಿರದ ಹಳ್ಳಿಗೆ ಕೊಟ್ಟಿದ್ದರು. ನೀರಾವರಿ ಗದ್ದೆ, ಕೆಂಪಕ್ಕಿಯ ಭತ್ತ. ನಾನು ಎಸ್ಸೆಸ್ಸೆಲ್ಸಿ ಪಾಸು ಮಾಡಿ ಮುಂದೇನು ಎಂದು ಕಣ್ಣು ಬಿಡುತ್ತಿದ್ದಾಗ, ಭಾವ ನನ್ನನ್ನು ಕರೆಸಿಕೊಂಡು ಕುಣಿಗಲ್ಲಿನ ಮಿಲ್ಲಿಗೆ ಸೇರಿಸಿದರು. ಮದುವೆಯಾಗುವವರೆಗೆ ಮೂರು ವರ್ಷ ನಾನು ಅಕ್ಕನ ಮನೆಯಲ್ಲೇ ಇದ್ದೆ. ಅಕ್ಕ ಒರಳಲ್ಲಿ ಒನಕೆಯಿಂದ ಭತ್ತ ಕುಟ್ಟಿ, ಕೇರಿ, ಆ ಕೆಂಪಕ್ಕಿಯ ಅನ್ನ ಮಾಡುತ್ತಿದ್ದಳು. ಜೊತೆಗೆ ಹುರುಳಿ ಸಾರು, ಸೊಪ್ಪಿನ ಬಸ್ಸಾರು. ಆ ಮೂರು ವರ್ಷ ನನಗೆ ಹೊಟ್ಟೆ ಅನ್ನುವ ಅಂಗ ಒಂದಿದೆ ಎಂದೇ ಗೊತ್ತಿರಲಿಲ್ಲ. ಸರಿಯಾಗಿರುವ ಹೊಟ್ಟೆ ಸದ್ದು ಮಾಡುವುದಿಲ್ಲ.

ನಾನು ಹಲ್ಲರ್ ಮಿಷನ್ನಿನ ಆಪರೇಟರ್ ಆದ ದಿನ ಅಕ್ಕ ಪಟ್ಟ ಸಂತೋಷ ಇನ್ನೂ ಕಣ್ಣ ಮುಂದಿದೆ. “ಬುಡು, ಇನ್ನು ಈ ಒನಕೇನ ಅಟ್ಟ ಹತ್ತಿಸ್ತೀನಿ. ಮಿಲ್ಲಲ್ಲಿ ನನ್ ತಮ್ಮ ಅವ್ನೆ” ಎಂದಳು. ನಾನೇ ಏಣಿ ಹಾಕಿ ಒನಕೆಯನ್ನು ಅಟ್ಟಕ್ಕೆ ಹಾಕಿದೆ. ಹತ್ತಿರದಲ್ಲೇ ಇನ್ನೊಂದು ಮಿಲ್ಲು ಇದೆಯಲ್ಲ ಎಂದು ಭಾವ ಅಂದರೆ, “ಅಲ್ಲಿ ಯಾರವ್ರೆ ನಮ್ಮೋರು? ಕುಣಿಗಲ್ ಮಿಲ್ಲಲ್ಲಾದ್ರೆ ನಮ್ಮೋರು ಇರ್ತಾರೆ, ನೋಡ್ಕತಾರೆ” ಅನ್ನುತ್ತಿದ್ದಳು.

ಈಗ ಮಿಷನ್ನಿನ ವಿಚಾರ. ಬೇಸರ ಮಾಡಿಕೊಳ್ಳಬೇಡಿ, ನನ್ನ ತಪ್ಪೆಲ್ಲ ಇದರೊಳಗಿದೆ. ಹಲ್ಲರಿಗೆ ಭತ್ತ ಸುರಿದರೆ ಮೊದಲ ಸುತ್ತಿನಲ್ಲಿ ಹೊಟ್ಟು ಹೋಗಿ ಕೆಂಪಗಿನ ಅಕ್ಕಿ ಬರುತ್ತದೆ. ಅಲ್ಲೊಂದು ಇಲ್ಲೊಂದು ಭತ್ತದ ಕಾಳು ಹಾಗೇ ಉಳಿದಿರುತ್ತದೆ. ಮನೆಯಲ್ಲಿ ಮೊರ ಹಿಡಿದು ಆರಿಸಿಕೊಳ್ಳಬೇಕು. ಎರಡನೇ ಸುತ್ತಿಗೆ ಹಾಕಿದರೆ ಅಕ್ಕಿಯ ಮೈಮೇಲಿನ ಕೆಂಪು ಪದರ ಉದುರಿ, ಕೆಳಗಿನ ಜಾಲರಿಯಿಂದ ನುಣ್ಣನೆಯ ತೌಡಾಗಿ ಬೀಳುತ್ತದೆ. ಅಕ್ಕಿ ಹೊರಬರುವ ಬಾಯಿಯನ್ನು ತಿರುಪಿನಿಂದ ಬಿಗಿ ಮಾಡಿ ಮೂರನೇ ಸುತ್ತು ಹಾಕಿದರೆ ಕೊನೆಯ ಬಣ್ಣವೂ ಹೋಗಿ ಅಕ್ಕಿ ಮಲ್ಲಿಗೆ ಮೊಗ್ಗಾಗುತ್ತದೆ.

ಅಕ್ಕಿ ಭತ್ತ ತಂದವರಿಗೆ, ತೌಡು ಮಿಲ್ಲಿಗೆ ಅನ್ನುವುದು ನಮ್ಮಲ್ಲಿ ಪದ್ಧತಿ. ಯಾರೂ ಕೇಳುತ್ತಿರಲಿಲ್ಲ. ಆ ತೌಡಿನಲ್ಲಿ ನಾಲ್ಕು ಮೂಟೆಗೆ ಒಂದು ಮೂಟೆ ಆಪರೇಟರಿಗೆ. ಮಿಲ್ಲಿನ ಹಿಂದೆಯೇ ನನ್ನ ಮನೆ, ಮನೆಯ ಹಿಂದೆ ನನ್ನ ಎರಡು ಸೀಮೆಹಸು. ಅರ್ಥವಾಯಿತಲ್ಲ? ನಾನು ಸುತ್ತು ಹೆಚ್ಚು ಹಾಕಿದಷ್ಟೂ ತೌಡು ಹೆಚ್ಚು. ಜನ ಅಕ್ಕಿ ಬೆಳ್ಳಗಾಯಿತೆಂದು ನನ್ನನ್ನು ಹೊಗಳುತ್ತಿದ್ದರು, ನನ್ನ ಹಸುಗಳ ಮೈ ಎಣ್ಣೆ ಸವರಿದ ಹಾಗೆ ಮಿನುಗುತ್ತಿತ್ತು. ಆ ಕಾಲದಲ್ಲಿ ನಮ್ಮ ಬೀದಿಯಲ್ಲಿ ಸರಿಯಾಗಿ ಉಂಡದ್ದು ಆ ಎರಡು ಹಸು ಮಾತ್ರ.

ಅಕ್ಕ ಮೊದಲ ಸಲ ಭಾವನ ಜೊತೆ ಗಾಡಿಯಲ್ಲಿ ಮೂಟೆ ತಂದಳು. ಮಿಲ್ಲಿನ ತುಂಬ ಜನ. ಬೆಲ್ಟಿನ ಸದ್ದಿಗೆ ಮಾತು ಕೇಳುವುದಿಲ್ಲವೆಂದು ಅವಳು ಗಟ್ಟಿಯಾಗಿಯೇ ಕೂಗಿದಳು: “ತಮ್ಮಾ, ಒಂದೇ ಸುತ್ತು ಹಾಕು. ಕೆಂಪು ಹೋಗಬಾರ್ದು. ನಿಮ್ ಭಾವಂಗೆ ಅದಿಲ್ದಿದ್ರೆ ಮೈಗೆ ಹಿಡಿಯಕಿಲ್ಲ.”

ಸುತ್ತ ಇದ್ದವರು ನನ್ನ ಮುಖ ನೋಡಿದರು. ಮಿಲ್ಲಿನ ಆಪರೇಟರನ ಅಕ್ಕನೇ ಕೆಂಪಕ್ಕಿ ತಿನ್ನುವುದೇ! ನನಗೆ ಅಂಗೈಯಲ್ಲಿ ಮುದ್ದೆ ಮುಚ್ಚಿಟ್ಟುಕೊಂಡ ದಿನಗಳು ನೆನಪಾದವು. ಅವಮಾನ ಮುಚ್ಚಿಕೊಳ್ಳಲು ನಗೆ ಎಬ್ಬಿಸಿದೆ. “ನೋಡ್ರಪ್ಪ, ನಮ್ಮಕ್ಕ ಕುಣಿಗಲ್ ಸೀಮೆಗೆ ಬಂದು ಕುದುರೆ ಮೇವು ರೂಢಿ ಮಾಡ್ಕೊಂಡವ್ಳೆ!” ಕುಣಿಗಲ್ಲಿನಲ್ಲಿ ಕುದುರೆ ಫಾರಂ ಇರುವುದು ಎಲ್ಲರಿಗೂ ಗೊತ್ತು. ಮಿಲ್ಲಿಗೆ ಮಿಲ್ಲೇ ನಕ್ಕಿತು. ಅಕ್ಕನೂ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. “ಆಮೇಲೆ ನೆಲ್ಲು ಆರಿಸ್ತಾ ಕೂತ್ಕೋ, ಕಣ್ಣು ಹೋಗ್ಲಿ” ಎಂದು ಇನ್ನೂ ಒಂದು ಸೇರಿಸಿದೆ.

ಅವರು ಕುಣಿಗಲ್ಲಿನ ಸಂತೆಗೆಂದು ಮೂಟೆ ಬಿಟ್ಟು ಹೋದರು. ನಾನು ಮೂರು ಸುತ್ತು ಹಾಕಿದೆ. ಅಕ್ಕಿ ಬೆಳ್ಳಗೆ ಬಂತು, ತೌಡು ನನ್ನ ಮನೆಗೆ ಹೋಯಿತು. ಅಕ್ಕನ ಮನೆಯಲ್ಲಿ ನೆಂಟರು ಉಣ್ಣುವಾಗ ತಮ್ಮ ಎಂಥ ಅಕ್ಕಿ ಮಾಡಿಕೊಟ್ಟಿದ್ದಾನೆ ಅನ್ನಬೇಕು, ಅದೂ ಇತ್ತು. ಹಸುವಿನ ಹಾಲು ಹೆಚ್ಚಬೇಕು, ಅದೂ ಇತ್ತು. ಎರಡರಲ್ಲಿ ಯಾವುದು ಜಾಸ್ತಿ ಇತ್ತು ಎಂದು ಇವತ್ತಿಗೂ ನಾನು ಪ್ರಾಮಾಣಿಕವಾಗಿ ಹೇಳಲಾರೆ.

ಮುಂದಿನ ಸಲ ಅಕ್ಕ ಕೇಳಿದಳು. ಜಗಳಕ್ಕಲ್ಲ, ಸುಮ್ಮನೆ ಕೇಳಿದಳು. “ಒಂದೇ ಸುತ್ತು ಅಂದಿದ್ನಲ್ಲ ತಮ್ಮಾ, ಯಾಕೋ ಬೆಳ್ಳಗೆ ಬಂದೈತೆ?”

“ಈ ಹೊಸ ಮಿಷನ್ನೇ ಹಂಗೆ ಅಕ್ಕ. ಒಂದು ಸುತ್ತಿಗೇ ಬೆಳ್ಳಗೆ ಬರುತ್ತೆ. ನಾನೇನ್ ಮಾಡ್ಲಿ?” ಎಂದೆ.

ಕಣ್ಣು ಮಿಟುಕಿಸದೆ ಅಂದೆ. ಅವಳು “ಹೌದಾ, ಬುಡು” ಎಂದಳು. ಆಮೇಲೆ ಎಂದೂ ಕೇಳಲಿಲ್ಲ. ಮೂಟೆ ಬರುವುದು ಮಾತ್ರ ನಿಲ್ಲಲಿಲ್ಲ. ಒಂದು ಸಲ ಅವಳ ಮನೆಗೆ ಹೋದಾಗ ಒನಕೆ ಗೋಡೆಗೆ ಒರಗಿತ್ತು. “ಇದ್ಯಾಕೆ ಅಟ್ಟದಿಂದ ಇಳೀತು?” ಎಂದು ಕೇಳಿದರೆ, “ಖಾರದಪುಡಿ ಕುಟ್ಟಕ್ಕೆ ಕಣ್ಲಾ” ಎಂದಳು. ನಾನು ನಂಬಿದೆ. ನಮ್ಮ ಮನೆಯಲ್ಲಿ ಒಬ್ಬರನ್ನೊಬ್ಬರು ನಂಬುವುದಕ್ಕೆ ಕಡಿಮೆ ಇರಲಿಲ್ಲ.

ಇಷ್ಟು ಹೇಳಿದ ಮೇಲೆ ನನ್ನ ಹೊಟ್ಟೆಯ ಕಥೆಯನ್ನೂ ಹೇಳಬೇಕು, ನಾಚಿಕೆಯಾದರೂ ಸರಿ. ರಿಟೈರಾಗಿ, ಅಂತರಸನಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಮಗನ ಜೊತೆ ತುಮಕೂರು ಸೇರಿದೆ. ಬೆಳಿಗ್ಗೆ ಬಿಳಿ ಇಡ್ಲಿ, ಮಧ್ಯಾಹ್ನ ಬಿಳಿ ಅನ್ನ, ಸಂಜೆ ಬೇಕರಿಯಲ್ಲಿ ದಿಲ್‌ಪಸಂದ್, ರಾತ್ರಿ ಮತ್ತೆ ಬಿಳಿ ಅನ್ನ. ಮುದ್ದೆಯನ್ನು ಜಯಮ್ಮ ಮಾಡಿದರೆ, “ಸಿಟಿಗೆ ಬಂದೂ ಇದೇನಾ?” ಎಂದು ಮುಖ ತಿರುಗಿಸುತ್ತಿದ್ದೆ. ಮಧ್ಯಾಹ್ನ ಉಂಡರೆ ಯಾರೋ ತಲೆಗೆ ಹೊಡೆದ ಹಾಗೆ ನಿದ್ದೆ. ಎದ್ದರೆ ಮೂರು ದಿನ ಉಪವಾಸ ಇದ್ದವನ ಹಾಗೆ ಹಸಿವು. ಬೆಳಿಗ್ಗೆ ಕಕ್ಕಸಿಗೆ ಪೇಪರ್ ತಗೊಂಡು ಹೋದರೆ ಕ್ರೀಡಾ ಪುಟ, ವಾಣಿಜ್ಯ ಪುಟ, ಶ್ರದ್ಧಾಂಜಲಿಗಳೆಲ್ಲ ಓದಿ ಮುಗಿದರೂ ಕೆಲಸ ಆಗುತ್ತಿರಲಿಲ್ಲ. ಹೊಟ್ಟೆ ದಿನಾ ಏನೋ ಹೇಳುತ್ತಿತ್ತು. ನಾನು ಅದರ ಬಾಯಿಗೆ ಮಾತ್ರೆ ತುರುಕುತ್ತಿದ್ದೆ.

ಡಾಕ್ಟರು, “ಸಕ್ಕರೆ ಅಂಚಿಗೆ ಬಂದಿದೆ, ಊಟ ಬದಲಾಯಿಸಿ” ಎಂದು ಅಚ್ಚು ಹಾಕಿದ ಒಂದು ಹಾಳೆ ಕೊಟ್ಟರು. ಅದರಲ್ಲಿದ್ದದ್ದೇನು? ಓಟ್ಸು, ಕಿನೊವಾ, ಬ್ರೊಕೊಲಿ, ಆಲಿವ್ ಎಣ್ಣೆ. ಅದನ್ನು ಓದಿದಾಗ ಬಂದ ಸಿಟ್ಟು ಇನ್ನೂ ಆರಿಲ್ಲ. ಗುಬ್ಬಿಯಿಂದ ಕುಣಿಗಲ್‌ವರೆಗೆ ರಾಗಿ, ಹುರುಳಿ, ಅವರೆ, ಅಲಸಂದೆ, ಬೇಲಿಯ ತುಂಬ ಸೊಪ್ಪು ಬೆಳೆಯುವ ಸೀಮೆಯಲ್ಲಿ ಕೂತವನಿಗೆ ಆ ಹಾಳೆಯಲ್ಲಿ ಒಂದು ಹಿಡಿ ರಾಗಿಗೂ ಜಾಗವಿಲ್ಲ! ನಮ್ಮ ಊಟ ನಮಗೇ ನಾಚಿಕೆಯಾಗುವಂತೆ ಮಾಡಿ, ಆಮೇಲೆ ಹಡಗಿನಲ್ಲಿ ಬಂದದ್ದನ್ನು ತಿನ್ನಿ ಅನ್ನುವುದು ಯಾವ ನ್ಯಾಯ?

ಸಿಟ್ಟಿನಲ್ಲಿ ನಾನು ಗಂಡಸರು ಮಾಡುವ ಕೆಲಸವನ್ನೇ ಮಾಡಿದೆ. ಒಂದೇ ದಿನಕ್ಕೆ ಎಲ್ಲ ಬದಲಾಯಿಸಿಬಿಟ್ಟೆ. ಬೆಳಿಗ್ಗೆ ಹಸಿ ತರಕಾರಿ, ಮಧ್ಯಾಹ್ನ ಪ್ಯಾಕೆಟ್ಟಿನ ಕೆಂಪಕ್ಕಿ, ರಾತ್ರಿ ಎರಡು ಮುದ್ದೆ, ನಡುವೆ ಮೊಳಕೆ ಕಾಳು. ಮೂರನೇ ದಿನಕ್ಕೆ ಹೊಟ್ಟೆ ತಮಟೆಯಾಯಿತು. ಮನೆಯವರು ನನ್ನ ಪಕ್ಕ ಕೂರುವುದನ್ನು ಬಿಟ್ಟರು. ನಾಲ್ಕನೇ ದಿನ ಬೇಕರಿಯಲ್ಲಿ ಎರಡು ದಿಲ್‌ಪಸಂದ್ ತಿಂದು, “ಈ ವಯಸ್ಸಿಗೆ ಇದೆಲ್ಲ ಆಗಲ್ಲ” ಎಂದು ತೀರ್ಪು ಕೊಟ್ಟೆ.

ಅದೇ ಸಮಯಕ್ಕೆ, ತೀರಿಕೊಂಡಿದ್ದ ಭಾವನ ವರ್ಷದ ತಿಥಿಗೆಂದು ಅಕ್ಕನ ಊರಿಗೆ ಹೋದೆ. ಇದು ಎರಡು ವರ್ಷದ ಹಿಂದಿನ ಮಾತು. ಅಕ್ಕನಿಗೆ ಎಪ್ಪತ್ತೆಂಟು. ಅವಳ ಮೊಮ್ಮಕ್ಕಳು ಶಾಲೆಗೆ ಹೋಗುವ ಗಡಿಬಿಡಿ, ಮಗ ಸೊಸೆ ಹಾಲು ಕರೆಯುವ ಗಡಿಬಿಡಿ, ಮನೆ ಗಿಜಿಗಿಜಿ ಅನ್ನುತ್ತಿತ್ತು. ಊಟಕ್ಕೆ ಕೂತಾಗ ಅಕ್ಕ ಎಡಗೈಯಲ್ಲಿ ಸೌಟು ಹಿಡಿದು ಸಾರು ಬಡಿಸಿದಳು.

“ಏನಕ್ಕ, ತಿಥಿ ಊಟ ಎಡಗೈಯಲ್ಲಿ ಬಡಿಸ್ತೀಯಲ್ಲ?” ಎಂದು ತಮಾಷೆ ಮಾಡಿದೆ.

“ಬಲಗೈ ರಿಟೈರಾಯ್ತು ಕಣ್ಲಾ, ನಿನ್ ಥರ. ಭುಜ ಮೇಲಕ್ಕೇಳಕಿಲ್ಲ. ಅದಕ್ಕೆ ಪಿಂಚಣಿ ಇಲ್ಲ ಅಷ್ಟೇ” ಎಂದು ನಕ್ಕಳು. ನಾನೂ ನಕ್ಕೆ.

ಮಧ್ಯಾಹ್ನದ ನನ್ನ ನಿದ್ದೆ, ಸಂಜೆಯ ಹಸಿವು, ಬೆಳಗಿನ ನನ್ನ ಪೇಪರ್ ಎಲ್ಲ ನೋಡಿದಳು. “ಹನ್ನೆರಡು ದಿನ ಇಲ್ಲೇ ಇರು” ಎಂದು ಅಪ್ಪಣೆ ಮಾಡಿದಳು. ಮಾರನೇ ದಿನದಿಂದ ನನಗೆ ಪಾಠ. ಮೂರು ಹಿಡಿ ಬಿಳಿ ಅಕ್ಕಿಗೆ ಒಂದು ಹಿಡಿ ಕೆಂಪಕ್ಕಿ, ಅಷ್ಟೇ. ಅದನ್ನೂ ರಾತ್ರಿಯೇ ನೆನೆಹಾಕಿ. ನಾನು ಅವಸರ ಮಾಡಿ ಎರಡು ಹಿಡಿ ಹಾಕು ಅಂದರೆ, “ನಿನ್ ಹೊಟ್ಟೆ ಏನು ಮಿಷನ್ನೇನ್ಲಾ, ಬಟನ್ ಒತ್ತಿದ್ ಕೂಡ್ಲೆ ತಿರುಗಕ್ಕೆ? ಮೂವತ್ತು ವರ್ಷ ಮಲಗಿದ್ದನ್ನ ಮೆಲ್ಲಗೆ ಎಬ್ಬಿಸ್ಬೇಕು” ಎಂದು ಗದರಿದಳು.

ದಿನಾ ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಅವಳದು ಒಂದೇ ಪ್ರಶ್ನೆ. “ಹೊಟ್ಟೆ ಏನಂತು?”

“ಏನೂ ಅನ್ಲಿಲ್ಲ ಅಕ್ಕ.”

“ಅಂದಿರುತ್ತೆ. ನಿನಗೆ ಕೇಳುಸ್ಲಿಲ್ಲ.”

ನಾಲ್ಕನೇ ದಿನ ಕೇಳಿಸಿತು. ಹೇಗೆ ಹೇಳಲಿ? ಉಂಡಾದ ಮೇಲೆ ಮಲಗಬೇಕು ಅನ್ನಿಸಲಿಲ್ಲ. ನಾನು ಗೋಡೆಗೆ ಒರಗಿ ನಿದ್ದೆಗೆ ಕಾಯುತ್ತಿದ್ದೆ, ಬರಲಿಲ್ಲ. ಎದ್ದು ಗದ್ದೆ ಕಡೆ ಹೋಗಿಬಂದೆ. ಆರನೇ ದಿನ ಹುರುಳಿ ಸಾರು ಎರಡು ಸೌಟು ಜಾಸ್ತಿಯಾಗಿ ಹೊಟ್ಟೆ ಗುಡುಗಿತು. ಅದನ್ನೂ ಹೇಳಿದೆ. “ಸರಿ, ನಾಳೆ ಕಮ್ಮಿ ಮಾಡಣ” ಎಂದಳು, ಯಾರೋ ಹಿರಿಯರ ಮಾತಿಗೆ ಒಪ್ಪಿಕೊಂಡ ಹಾಗೆ. ಬೇಕರಿ ನೆನಪಾದಾಗ ಬೇಡ ಅನ್ನಲಿಲ್ಲ. ಒಂದು ಹಿಡಿ ಹುರಿಗಡಲೆ, ಒಂದು ಚೂರು ಬೆಲ್ಲ ಕೈಗಿಟ್ಟು, “ಇದನ್ ತಿಂದು ಒಂದ್ ಗಳಿಗೆ ಕೂತ್ಕೋ. ಆಮೇಲೂ ಬೇಕು ಅಂದ್ರೆ ಯಡಿಯೂರಿಗೋಗಿ ತಿನ್ನು” ಅನ್ನುತ್ತಿದ್ದಳು. ಮೊದಮೊದಲು ಹೋಗಿ ತಿಂದೆ. ಆಮೇಲೆ ಹೋಗಲಿಲ್ಲ. ಒಂಬತ್ತನೇ ದಿನ ಎರಡು ಹಿಡಿ ಬಿಳಿ, ಎರಡು ಹಿಡಿ ಕೆಂಪು. ಹತ್ತನೇ ದಿನ ಪೇಪರ್ ಓದಲು ನನಗೆ ಪುರುಸೊತ್ತೇ ಆಗಲಿಲ್ಲ, ಅಷ್ಟು ಬೇಗ ಹೊರಬಂದೆ. ಅಕ್ಕ ಅಂಗಳದಲ್ಲಿ ನಿಂತು ಮೊಮ್ಮಕ್ಕಳ ಎದುರಿಗೇ ಚಪ್ಪಾಳೆ ತಟ್ಟಿದಳು. ತಟ್ಟುವಾಗಲೂ ಎಡಗೈಯೇ ಬಲಗೈ ಹತ್ತಿರ ಹೋಗಿ ತಟ್ಟಿತು.

ತುಮಕೂರಿಗೆ ಬಂದು ಆರು ತಿಂಗಳಲ್ಲಿ ಮೆಲ್ಲಮೆಲ್ಲಗೆ ಪೂರ್ತಿ ಕೆಂಪಕ್ಕಿಗೆ ಬಂದೆ. ಜಯಮ್ಮನ ಮುದ್ದೆಗೆ ಮತ್ತೆ ತಟ್ಟೆಯಲ್ಲಿ ಜಾಗ ಸಿಕ್ಕಿತು. ಡಾಕ್ಟರು, “ಏನು ಮಾಡ್ತಿದ್ದೀರಿ, ಮುಂದುವರಿಸಿ” ಎಂದರು. ಎಲ್ಲ ಒಳ್ಳೆಯದಾಯಿತು ಅಂದುಕೊಳ್ಳುತ್ತೀರಿ. ಹೊಟ್ಟೆ ಸುಮ್ಮನಾದ ಮೇಲೆ ಅದಕ್ಕಿಂತ ಒಳಗಿನದು ಮಾತಾಡಲು ಶುರು ಮಾಡಿತು. ಯಾರ ಅಕ್ಕಿಯಿಂದ ಕೆಂಪು ಕಿತ್ತು ನನ್ನ ಹಸುವಿಗೆ ಹಾಕಿದೆನೋ ಅವಳೇ ಅದನ್ನು ನನಗೆ ಹಿಡಿ ಹಿಡಿಯಾಗಿ ವಾಪಸು ಉಣ್ಣಿಸಿದ್ದಳು. ಹನ್ನೆರಡು ದಿನ ಅವಳ ಎದುರು ಕೂತು ಉಂಡೆ. ಪ್ರತಿದಿನ ಹೇಳಬೇಕೆಂದು ಬಾಯಿ ತೆರೆದೆ, ಪ್ರತಿದಿನ ಆ ಬಾಯಿಗೆ ತುತ್ತು ಹಾಕಿದೆ. ಎಪ್ಪತ್ತೆಂಟು ವರ್ಷದ ಅಕ್ಕ. ನಾನು ಹೇಳುವುದರೊಳಗೆ ಅವಳು ಹೋಗಿಬಿಟ್ಟರೆ? ಅಥವಾ ನಾನೇ? ಹೀಗೆ ಎರಡು ವರ್ಷ ತಳ್ಳಿದೆ. ಅಷ್ಟರಲ್ಲಿ ಬಂತು ಈ ಹಸಿರು ಡಬ್ಬಿ.

ಶ್ವೇತ ಕೇಳಿದ “ಯಾರು ತೆಗೆಯೋದು?” ಅನ್ನುವ ಮಾತು ಎರಡು ದಿನ ಕಿವಿಯಲ್ಲೇ ಇತ್ತು. ಮೂರನೇ ದಿನ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನನ್ನ ಸಿಟ್ಟು ಅಂಗಡಿಯವನಿಂದ ಡಾಕ್ಟರ ಹಾಳೆಗೆ, ಹಾಳೆಯಿಂದ ಬೇಕರಿಗೆ ಹಾರುತ್ತಿತ್ತು. ಕುಣಿಗಲ್ ದಾಟುವಾಗ ಮಿಲ್ಲು ಇದ್ದ ಜಾಗ ಕಿಟಕಿಯಲ್ಲಿ ಕಂಡಿತು. ಅಲ್ಲಿ ಬಂದು ಸಿಟ್ಟು ಕೂತಿತು, ಮತ್ತೆ ಏಳಲಿಲ್ಲ.

ಅಕ್ಕ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಡಬ್ಬಿ ಕೊಟ್ಟೆ. ಮೂಸಿ ನೋಡಿ ಮುಖ ಹಿಂಡಿದಳು. “ತೌಡೇನ್ಲಾ? ಕಮಟು ಹೊಡೀತೈತಲ್ಲೋ. ಹಸಾನೂ ಮೂಸಕಿಲ್ಲ. ದುಡ್ಡು ಕೊಟ್ಟು ತಂದ್ಯಾ?” ನಕ್ಕಳು.

ನನಗೆ ನಗು ಬರಲಿಲ್ಲ. ಹೇಳಿಬಿಟ್ಟೆ. ಮಿಷನ್ನು ಹಾಗಿರಲಿಲ್ಲ ಅಕ್ಕ. ಮೂರು ಸುತ್ತು ನಾನೇ ಹಾಕುತ್ತಿದ್ದೆ. ಪ್ರತಿ ಸಲವೂ. ನಿನ್ನ ಅಕ್ಕಿಯ ತೌಡೆಲ್ಲ ನನ್ನ ಹಸು ತಿಂದವು.

ಅವಳ ಕೈಯಲ್ಲಿದ್ದ ಅವರೆಕಾಯಿ ಹಾಗೇ ನಿಂತಿತು. ಬಹುಶಃ ‘ನಂಗೊತ್ತಿತ್ತು ಬುಡು’ ಅನ್ನುತ್ತಾಳೆ ಎಂದು ಒಳಗೊಳಗೇ ಆಸೆ ಇತ್ತು ನನಗೆ. ತಪ್ಪು ಮಾಡಿದವನಿಗೆ ಎಷ್ಟು ಆಸೆ ನೋಡಿ.

“ನಂಗೊತ್ತಿರ್ಲಿಲ್ಲ” ಎಂದಳು. “ಮಿಷನ್ನೇ ಹಂಗೆ ಅಂದಿದ್ದೆ ನೀನು. ಮಿಷನ್ ಹಂಗಿದ್ರೆ ಪಾಪ ನನ್ ತಮ್ಮ ಏನ್ ಮಾಡ್ತಾನೆ ಅಂತ ಒನಕೆ ಇಳಿಸ್ದೆ. ನಿಮ್ ಭಾವಂಗೆ ಬಿಳಿ ಅನ್ನ ಮೈಗೆ ಒಗ್ತಿರ್ಲಿಲ್ಲ. ನೀನು ಕಳಿಸಿದ್ದ ಅಕ್ಕಿ ನೆಂಟ್ರಿಗೆ ಆಯ್ತು, ಹಬ್ಬಕ್ಕೆ ಆಯ್ತು. ಮನೆಯೋರಿಗೆ ನಾನು ಕುಟ್ದೆ.”

“ಹಾಗಿದ್ರೆ ಮೂಟೆ ಯಾಕೆ ಕಳಿಸ್ತಿದ್ದೆ?”

“ಕಳಿಸ್ದಿದ್ರೆ ನೀನು ನೊಂದ್ಕತಿದ್ದೆ. ಅಕ್ಕನೇ ಬೇರೆ ಮಿಲ್ಲಿಗೆ ಹಾಕುಸ್ತಾಳೆ ಅಂತ ಜನ ಆಡ್ಕಂತಿದ್ರು.” ಎಡಗೈಯಿಂದ ಬಲಭುಜವನ್ನು ಮುಟ್ಟಿಕೊಂಡಳು. ನನಗೆ ತೋರಿಸಬೇಕೆಂದಲ್ಲ, ಸುಮ್ಮನೆ ಕೈ ಅಲ್ಲಿಗೆ ಹೋಯಿತು. “ಎಷ್ಟು ವರ್ಷ ಕುಟ್ದೆ ಕಣ್ಲಾ!”

ಆಮೇಲೆ ಅವಳ ದನಿ ಏರಿತು. ಅಕ್ಕನ ಅಂಥ ಸಿಟ್ಟನ್ನು ನಾನು ಎಂದೂ ನೋಡಿರಲಿಲ್ಲ. “ತೌಡು ಹೋಗ್ಲಿ. ಹಸಾ ತಿಂತು, ಕರಾ ಕುಡೀತು. ಸುಳ್ಳೂ ಹೋಗ್ಲಿ. ಆವತ್ತು ಮಿಲ್ಲಲ್ಲಿ ಅಷ್ಟ್ ಜನದ ಮುಂದೆ ಕುದುರೆ ಮೇವು ಅಂದ್ಯಲ್ಲ, ಮೂರು ವರ್ಷ ನೀನೂ ಅದನ್ನೇ ತಿಂದು ಮೈ ಕೈ ತುಂಬ್ಕಂಡಿದ್ದೆ ಕಣೋ! ನಾನು ಕುಟ್ಟಿದ್ ಮೇವು! ಅವತ್ತು ನಾನೂ ನಕ್ಕೆ. ಯಾಕ್ ನಕ್ಕೆ ಗೊತ್ತಾ? ತಮ್ಮನ ಮಾನ ಹೋಗ್ಬಾರ್ದು ಅಂತ!”

ಎದ್ದು ಒಳಗೆ ಹೋದಳು. ಆ ದಿನ ನನ್ನ ಜೊತೆ ಮಾತಾಡಲಿಲ್ಲ. ತಟ್ಟೆ ಮಾತ್ರ ನನ್ನ ಮುಂದೆ ಬಂತು. ಮಾರನೇ ದಿನ ಬೆಳಿಗ್ಗೆ ಹೊಟ್ಟೆ ಏನಂತು ಎಂದು ಕೇಳಲಿಲ್ಲ. ಅದನ್ನು ಕೇಳದಿದ್ದದ್ದು ಬೈಗುಳಕ್ಕಿಂತ ಹೆಚ್ಚಾಗಿ ತಾಗಿತು. ನಾನು ಚೀಲ ಕಟ್ಟಿದೆ. ಅಂಗಳಕ್ಕೆ ಬಂದರೆ ಅಲ್ಲೊಂದು ಭತ್ತದ ಮೂಟೆ, ಬಾಗಿಲಲ್ಲಿ ಲಗೇಜ್ ಆಟೊ.

“ಎಲ್ಲಿಗ್ ಹೊಂಟೆ?” ಎಂದಳು. “ಈ ನೆಲ್ಲು ತಗಂಡೋಗು ಮಿಲ್ಲಿಗೆ. ಒಂದೇ ಸುತ್ತು.”

ಯಡಿಯೂರು ರಸ್ತೆಯಲ್ಲಿ ಇನ್ನೂ ಒಂದು ಹಳೆಯ ಹಲ್ಲರ್ ಉಳಿದಿದೆ. ಆಪರೇಟರ್ ಐವತ್ತರ ಆಸುಪಾಸಿನವನು, ಹುಬ್ಬಿನ ಮೇಲೆಲ್ಲ ತೌಡಿನ ಪುಡಿ. ಆ ವಾಸನೆಗೆ ನನ್ನ ಕಣ್ಣಲ್ಲಿ ನೀರು ಬಂತು. ಧೂಳು ಅಂದುಕೊಂಡಿರಬೇಕು ಅವನು.

“ಒಂದೇ ಸುತ್ತಾ? ಯಜಮಾನ್ರೇ, ಅಲ್ಲಲ್ಲಿ ನೆಲ್ಲು ಉಳ್ಕತವೆ. ಇನ್ನೆರಡು ಸುತ್ತು ಬುಡ್ತೀನಿ, ಮಲ್ಲಿಗೆ ಮೊಗ್ಗು ಬಂದಂಗ್ ಬರುತ್ತೆ.”

“ಬೇಡ. ಒಂದೇ.”

ಅವನು ತಲೆಯಾಡಿಸಿದ. ಭತ್ತ ಸುರಿದ. ಬೆಲ್ಟು ಓಡಿತು. ಅಕ್ಕಿ ಬರುತ್ತಿದ್ದಂತೆ ನೋಡಿದರೆ ಬಣ್ಣ ತೆಳುವಾಗಿದೆ. ಬಾಯಿಯನ್ನು ಬಿಗಿ ಮಾಡಿದ್ದಾನೆ! “ಏನಪ್ಪ ಇದು?” ಎಂದು ಕೂಗಿದೆ.

“ಈ ಮಿಷನ್ನೇ ಹಂಗೆ ಯಜಮಾನ್ರೇ. ಒಂದು ಸುತ್ತಿಗೇ ಬೆಳ್ಳಗೆ ಬರುತ್ತೆ. ನಾನೇನ್ ಮಾಡ್ಲಿ?”

ನನ್ನ ಮಾತು. ಅಕ್ಷರ ತಪ್ಪದೆ ನನ್ನದೇ ಮಾತು. ಹೋಗಿ ಮಿಷನ್ನಿನ ಪಕ್ಕ ನಿಂತು, ಇಷ್ಟು ವರ್ಷದ ಮೇಲೂ ಕೈ ಮರೆಯದ ಆ ತಿರುಪನ್ನು ಹಿಡಿದು ಎರಡು ಸುತ್ತು ಸಡಿಲ ಮಾಡಿದೆ. ಅಕ್ಕಿ ಕೆಂಪಗೆ ಇಳಿಯಿತು. “ಮಿಷನ್ ಹಂಗಲ್ಲಪ್ಪ. ನಾನು ಹಂಗಿದ್ದೆ. ನೀನಾದ್ರೂ ಆಗ್ಬೇಡ” ಎಂದೆ. ಸದ್ದಿನಲ್ಲಿ ಅವನಿಗೆ ಎಷ್ಟು ಕೇಳಿಸಿತೋ ಗೊತ್ತಿಲ್ಲ. ಕೊನೆಯ ಕಾಳು ಬೀಳುವವರೆಗೆ ತಿರುಪಿನ ಮೇಲಿಂದ ನಾನು ಕೈ ತೆಗೆಯಲಿಲ್ಲ.

ಅಕ್ಕ ಅಂಗಳದಲ್ಲೇ ಮೂಟೆ ಬಿಚ್ಚಿಸಿದಳು. ಎಡಗೈಯನ್ನು ಮೊಣಕೈವರೆಗೆ ಒಳಗೆ ಇಳಿಸಿ, ಒಂದು ಹಿಡಿ ತೆಗೆದು, ಬೆಳಕಿಗೆ ಹಿಡಿದು ಉಜ್ಜಿದಳು. ಮೂಸಿದಳು. ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು, ಉಳಿದ ಹಲ್ಲುಗಳಲ್ಲಿ ನಿಧಾನವಾಗಿ ಅಗಿದಳು. ನಾನು ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೆ ಕಾದ ಹಾಗೆ ಕಾಯುತ್ತಿದ್ದೆ.

“ಹೂಂ” ಎಂದಳು. “ಇವತ್ತು ಮಿಲ್ಲಲ್ಲಿ ನಮ್ಮೋರು ಇದ್ರು.”

ಅರ್ಧ ಮೂಟೆ ಅಕ್ಕಿಯನ್ನೂ, ತೌಡು ಚೆಲ್ಲಿ ಖಾಲಿ ಮಾಡಿದ ಡಬ್ಬಿಯನ್ನೂ ನನಗೆ ಕಟ್ಟಿಕೊಟ್ಟಳು. ಈಗ ದಿನಾ ಮಧ್ಯಾಹ್ನ ನಾನು ಕನ್ನಡಕ ಹಾಕಿಕೊಂಡು, ಮೊರದಲ್ಲಿ ಅದನ್ನು ಹರಡಿಕೊಂಡು, ಉಳಿದಿರುವ ಭತ್ತದ ಕಾಳು ಆರಿಸುತ್ತ ಕೂರುತ್ತೇನೆ. ಆರಿಸಿದ ಕಾಳನ್ನು ಹಾಕಲು ಆ ಹಸಿರು ಡಬ್ಬಿ ಚೆನ್ನಾಗಿ ಒದಗಿದೆ. “ಮಾವ, ಮಿಲ್ಲಲ್ಲೇ ಇನ್ನೊಂದು ಸುತ್ತು ಹಾಕಿಸಿದ್ರೆ ಈ ಕೆಲಸ ಇರ್ತಿರ್ಲಿಲ್ವಲ್ಲ?” ಎಂದಳು ಶ್ವೇತ ನಿನ್ನೆ. ಕಣ್ಣು ಹೋಗಲಿ ಎಂದು ನಾನು ಯಾರಿಗೆ ಅಂದಿದ್ದೆನೆಂದು ಅವಳಿಗೆ ಗೊತ್ತಿಲ್ಲ. “ಇರಲಿ ಬಿಡಮ್ಮ” ಎಂದು ಮೊರವನ್ನು ಕಿಟಕಿಯ ಬೆಳಕಿಗೆ ಇನ್ನಷ್ಟು ಸರಿಸಿಕೊಂಡೆ.